ತೆಳುವಾಗಿದ್ದೂ ಬಾಳುವ ಪೊರೆ: ನಾಫಿಯಾನ್ ಎಕ್ಸ್‌ಎಲ್ ಬಳಸಿದ ಅನುಭವ

ಹೈಡ್ರೋಜನ್ ಇಂಧನಕೋಶಕ್ಕೆ ಸಿಲಿಕಾ ಬೆರೆಸಿದ ಪಾಲಿಮರ್ ಪೊರೆಗಳನ್ನು ತಯಾರಿಸುವ ನಮ್ಮ ಕೆಲಸದಲ್ಲಿ, ಹೋಲಿಸಿ ನೋಡಲು ನಂಬಿಕೆಗೆ ಅರ್ಹವಾದ ಒಂದು ಪೊರೆ ಬೇಕಿತ್ತು. ಮೊದಲು, ಪ್ರೋಟಾನ್ ಸಾಗಿಸುವ ನಾಫಿಯಾನ್ ಎಂಬ ಪಾಲಿಮರ್‌ನ 117 ಮತ್ತು 212 ಪೊರೆಗಳನ್ನು ಬಳಸುತ್ತಿದ್ದೆವು. ಆಮೇಲೆ ಅದೇ ನಾಫಿಯಾನ್‌ನ, ಒಳಗೆ ಜಾಲವಿಟ್ಟು ಬಲಪಡಿಸಿದ ಎಕ್ಸ್‌ಎಲ್ ಪೊರೆ ತರಿಸಿಕೊಂಡೆವು. ಈ ಬದಲಾವಣೆಯನ್ನು ಇನ್ನೂ ಮುಂಚೆಯೇ ಮಾಡಬೇಕಿತ್ತೆಂಬುದು ನನ್ನ ಅಭಿಪ್ರಾಯ.

ಎಕ್ಸ್‌ಎಲ್‌ನ ದಪ್ಪ 27.5 ಮೈಕ್ರಾನ್. ಅದರ ನಡುವೆ, ಹಿಗ್ಗಿಸಿ ರಂಧ್ರಮಯವಾಗಿಸಿದ ಟೆಫ್ಲಾನ್ ಜಾಲವೊಂದು ಪ್ರೋಟಾನ್ ಸಾಗಿಸುವ ಪಾಲಿಮರ್‌ನಲ್ಲಿ ನೆನೆದು ಕುಳಿತಿರುತ್ತದೆ. ಟೆಫ್ಲಾನ್ ಸ್ವತಃ ಪ್ರೋಟಾನ್ ಸಾಗಿಸುವುದಿಲ್ಲವಾದ್ದರಿಂದ ವಾಹಕತೆ ತಗ್ಗುತ್ತದೆಯೆಂಬ ಆಕ್ಷೇಪ ಸರಿಯೇ; ಆದರೆ ಲೆಕ್ಕ ಹಾಕಿ ನೋಡಿದರೆ ಆ ಆಕ್ಷೇಪದ ತೂಕ ಕಡಿಮೆಯಾಗುತ್ತದೆ. ಚೆನ್ನಾಗಿ ತೇವಗೊಂಡ ನಾಫಿಯಾನ್‌ನ ವಾಹಕತೆ ಸೆಂಟಿಮೀಟರಿಗೆ ಸುಮಾರು 0.1 ಸೀಮನ್ಸ್ ಎಂದು ಹಿಡಿದರೆ, 183 ಮೈಕ್ರಾನ್ ದಪ್ಪದ 117 ಪೊರೆಯಲ್ಲಿ ಚದರ ಸೆಂಟಿಮೀಟರಿಗೆ 1 ಆಂಪಿಯರ್ ಹರಿದಾಗ 0.18 ವೋಲ್ಟ್ ಪೊರೆಯಲ್ಲಿಯೇ ಕರಗಿಹೋಗುತ್ತದೆ. ಜಾಲದಿಂದಾಗಿ ವಾಹಕತೆ ಮೂರನೇ ಒಂದು ಪಾಲು ತಗ್ಗಿತೆಂದು ಇಟ್ಟುಕೊಂಡರೂ ಎಕ್ಸ್‌ಎಲ್‌ನಲ್ಲಿ ಆಗುವ ನಷ್ಟ 0.04 ವೋಲ್ಟ್‌ನ ಆಸುಪಾಸಿನಲ್ಲಿಯೇ ಉಳಿಯುತ್ತದೆ. ಕೋಶವೊಂದು ಕೆಲಸ ಮಾಡುವಾಗ ಸಿಗುವುದೇ 0.6ರಿಂದ 0.7 ವೋಲ್ಟ್ ಆಗಿರುವಾಗ ಈ ಉಳಿತಾಯ ಸಣ್ಣದಲ್ಲ.

ಆದರೂ ನಾನು ಇದನ್ನು ಮೆಚ್ಚುವುದು ಮುಖ್ಯವಾಗಿ ವಾಹಕತೆಗಾಗಿ ಅಲ್ಲ. ಕೋಶದ ಹೊರೆ ಏರಿಳಿದಂತೆ ಪೊರೆ ನೀರು ಹೀರಿ ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಅಂಚುಗಳು ಅನಿಲ ಸೋರದಂತೆ ತಡೆಯುವ ಗ್ಯಾಸ್ಕೆಟ್‌ನಡಿ ಬಿಗಿಯಾಗಿರುವುದರಿಂದ ಆ ಎಳೆತವೆಲ್ಲ ಪೊರೆಯ ಮೇಲೆಯೇ ಬೀಳುತ್ತದೆ. ಜಾಲವಿರುವ ಪೊರೆ ಉದ್ದಗಲಕ್ಕೆ ಹರಡುವುದಕ್ಕಿಂತ ಹೆಚ್ಚಾಗಿ ದಪ್ಪದ ದಿಕ್ಕಿನಲ್ಲಿ ಉಬ್ಬುವುದರಿಂದ ಸೀಳುವ ಅಪಾಯ ತಗ್ಗುತ್ತದೆ. ಉದ್ದಗಲದ ಉಬ್ಬುವಿಕೆಯೂ ಎರಡೂ ದಿಕ್ಕಿನಲ್ಲಿ ಒಂದೇ ಸಮನಲ್ಲ, ಪೊರೆ ಸುತ್ತಿ ಬರುವ ಸುರುಳಿಯ ಉದ್ದಕ್ಕೆ ಕಡಿಮೆ, ಅಡ್ಡಕ್ಕೆ ತುಸು ಹೆಚ್ಚು. ಆದ್ದರಿಂದ ಕತ್ತರಿಸುವ ಮೊದಲೇ ದಿಕ್ಕನ್ನು ಗುರುತು ಹಾಕಿಕೊಳ್ಳಬೇಕು. ನಾವು ಆರಂಭದಲ್ಲಿ ಇದನ್ನು ಮಾಡದೆ, ಒಂದಕ್ಕೊಂದು ಹೊಂದದ ಅಳತೆಗಳನ್ನು ಇಟ್ಟುಕೊಂಡು ಬಹಳ ದಿನ ತಲೆಕೆಡಿಸಿಕೊಂಡಿದ್ದೆವು.

ಇದರ ಮಿತಿ ಮೂಲ ಪಾಲಿಮರ್‌ನದೇ ಮಿತಿ. ಪ್ರೋಟಾನ್ ಸಾಗಲು ನೀರು ಬೇಕು. 80 ಡಿಗ್ರಿ ಸೆಲ್ಸಿಯಸ್ ದಾಟಿ ಅನಿಲವೂ ಒಣಗಿದರೆ ವಾಹಕತೆ ಕುಸಿಯುತ್ತದೆ, ಜಾಲ ಅದಕ್ಕೆ ಏನೂ ಮಾಡಲಾರದು. ಸಿಲಿಕಾದಂತಹ ನೀರು ಹಿಡಿದಿಡುವ ಕಣಗಳ ಅಗತ್ಯ ಬರುವುದು ಇಲ್ಲಿಯೇ. ಆದರೆ ಕಣಗಳು ಹೆಚ್ಚಾದರೆ ಗಂಟುಗಟ್ಟಿ ಪೊರೆಯನ್ನು ಪೆಡಸಾಗಿಸುತ್ತವೆ. ನಮ್ಮದೇ ಪೊರೆಗಳು ಒಣ ಸ್ಥಿತಿಯಲ್ಲಿ ಆಶಾದಾಯಕವಾಗಿ ಕಂಡರೂ ಮಡಿಸಿದಾಗ ಬಿರುಕು ಬಿಟ್ಟಿದ್ದನ್ನು ಎಕ್ಸ್‌ಎಲ್ ಪಕ್ಕದಲ್ಲಿಟ್ಟು ನೋಡಿದಾಗಲೇ ಅದರ ಗಂಭೀರತೆ ನಮಗೆ ಅರಿವಾಯಿತು. ಜಾಲ ಮತ್ತು ಕಣ ಎರಡನ್ನೂ ಒಂದೇ ಪೊರೆಯಲ್ಲಿ ಸೇರಿಸುವತ್ತ ಈಗ ನಮ್ಮ ಪ್ರಯತ್ನ ಸಾಗಿದೆ.

ಕೊಳ್ಳುವವರಿಗೆ ಒಂದು ಎಚ್ಚರಿಕೆ. 117 ಪೊರೆಯನ್ನು ಶುದ್ಧಗೊಳಿಸಲು ಹೈಡ್ರೋಜನ್ ಪೆರಾಕ್ಸೈಡ್‌ನಲ್ಲೂ ಸಲ್ಫ್ಯೂರಿಕ್ ಆಮ್ಲದಲ್ಲೂ ಕುದಿಸುವ ಹಳೆಯ ಪದ್ಧತಿಯನ್ನು ಎಕ್ಸ್‌ಎಲ್‌ನಂತಹ ಬಲವರ್ಧಿತ ಪೊರೆಗಳಿಗೆ ಕುರುಡಾಗಿ ಅನ್ವಯಿಸಬೇಡಿ. ಇಂತಹ ಅನೇಕ ಪೊರೆಗಳಲ್ಲಿ ರಾಸಾಯನಿಕ ಸವೆತವನ್ನು ತಡೆಯಲು ಸೀರಿಯಂನಂತಹ ಅಯಾನುಗಳನ್ನು ಸೇರಿಸಿರುತ್ತಾರೆ. ಬಿಸಿ ಆಮ್ಲ ಅವನ್ನು ತೊಳೆದು ಹಾಕುತ್ತದೆ.