ಬಾಯಿ ತೆರೆದು ಮೇಲೆ ಬಂದ ಮೀನು ನೋಡಿ ಅಡ್ವಾನ್ಸ್ ಹಾಕಬೇಡಿ

ದುಡ್ಡು ಕೊಟ್ಟು ಗಾಳ ಹಾಕುವ ಹೊಂಡಗಳ ವೀಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಬೆಳ್ಳಂಬೆಳಗ್ಗೆ, ಹಸಿರು ನೀರು, ನೀರಿನ ಮೇಲೆ ರಾಶಿ ರಾಶಿ ಮೀನು ಬಾಯಿ ತೆರೆದು ಮುಚ್ಚಿ ಮಾಡುತ್ತಿರುತ್ತವೆ, ಹಿಂದೆ ಯಾವುದೋ ಹಾಡು. ಬೆಂಗಳೂರಿನಿಂದ ಒಂದು ಗಂಟೆ ದಾರಿ, ಫ್ಯಾಮಿಲಿ ಸಮೇತ ಬನ್ನಿ, ಮೀನು ಗ್ಯಾರಂಟಿ. ಇಂಥದ್ದು ನೋಡಿ ದುಡ್ಡು ಕಳಿಸುವ ಮುಂಚೆ ಇದನ್ನು ಓದಿ. ಆ ಮೀನುಗಳು ಆಡುತ್ತಿಲ್ಲ. ಉಸಿರು ಕಟ್ಟಿ ಮೇಲೆ ಬಂದಿವೆ. ಅವರು ಜಾಹೀರಾತು ಅಂತ ತೋರಿಸುತ್ತಿರುವುದೇ ಆ ಹೊಂಡ ಕೆಟ್ಟಿದೆ ಅನ್ನುವುದಕ್ಕೆ ಸಾಕ್ಷಿ.

ನಾವು ಹೋದ ಜಾಗದ ಹೆಸರು ಹಾಕುವುದಿಲ್ಲ. ಲಕ್ಷಣ ಗೊತ್ತಿದ್ದರೆ ಹೆಸರು ಬೇಕಾಗಿಯೂ ಇಲ್ಲ.

ಬುಕ್ ಮಾಡಿದ್ದು ನಮ್ಮ ಭಾವ. ಅಳಿಯನಿಗೆ ಬೇಸಿಗೆ ರಜೆ, ಹುಡುಗ ಇಡೀ ದಿನ ಫೋನ್ ಹಿಡಿದು ಕೂತಿರುತ್ತಾನೆ, ಒಂದು ದಿನ ನೀರಿನ ಹತ್ತಿರ ಕೂರಿಸೋಣ ಅಂತ. ತಲೆಗೆ 600 ರೂಪಾಯಿ, ರಾಡಿಗೆ ಬಾಡಿಗೆ ಬೇರೆ. "ಹಿಡಿದ ಮೀನು ಬೇಡ ಅಂದ್ರೆ ವಾಪಸ್ ಬಿಟ್ಬಿಡಿ ಸಾರ್, ನಮ್ದೇನೂ ಒತ್ತಾಯ ಇಲ್ಲ" ಅಂತ ಫೋನಿನಲ್ಲಿ ಹೇಳಿದ್ದರಂತೆ. ಬೆಳಕು ಹರಿಯುವ ಮುಂಚೆಯೇ ನೈಸ್ ರೋಡ್ ಹತ್ತಿದೆವು. ಇಷ್ಟು ಬೇಗ ಹೋಗಿದ್ದೇ ಒಳ್ಳೆಯದಾಯಿತು, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಹೊಂಡದ ನೀರು ಪಾಲಕ್ ಸೊಪ್ಪು ರುಬ್ಬಿ ಸುರಿದ ಹಾಗಿತ್ತು. ಕೈ ಮುಳುಗಿಸಿದರೆ ಮೊಣಕೈ ತನಕ ಹೋಗುವಷ್ಟರಲ್ಲಿ ಬೆರಳು ಕಾಣುವುದಿಲ್ಲ. ಮೇಲೆ ಮೀನೋ ಮೀನು. ಅಳಿಯ ಕುಣಿದಾಡಿದ. ಮ್ಯಾನೇಜರ್ ಹಲ್ಲು ಬಿಟ್ಟು "ನೋಡಿ ಸಾರ್, ಹೆಂಗ್ ಆಡ್ತಾವೆ" ಅಂದ. ನಾನು ಬಗ್ಗಿ ನೋಡಿದೆ. ಹತ್ತಿರದಲ್ಲೇ ಇದ್ದ ಒಂದರ ಬಾಯಿಯ ಪಕ್ಕ ಎರಡೆರಡು ಮೀಸೆ. ಸಾಮಾನ್ಯ ಗೆಂಡೆ. ಅದರ ಪಕ್ಕ ಮೃಗಾಲ್. ಇವೆರಡೂ ತಳದ ಮೀನುಗಳು, ಕೆಸರಿನಲ್ಲಿ ಮೂತಿ ಹಾಕಿ ಹುಡುಕಿ ತಿನ್ನುವಂಥವು. ಕಾಟ್ಲಾ ಮೇಲೆ ಬಂದರೆ ಮಾತು ಬೇರೆ, ಅದರ ಬಾಯೇ ಮೇಲ್ಮುಖ, ನೀರಿನ ಮೇಲ್ಭಾಗದ ಸಣ್ಣ ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತದೆ. ರೋಹು ನಡುನೀರಿನದು. ಕಾಟ್ಲಾ ಮೇಲೆ, ರೋಹು ನಡುವೆ, ಮೃಗಾಲ್ ಕೆಳಗೆ, ಹೀಗೆ ಒಂದಕ್ಕೊಂದು ಅಡ್ಡ ಬರುವುದಿಲ್ಲ ಅಂತಲೇ ಮೂರನ್ನೂ ಒಟ್ಟಿಗೆ ಸಾಕುವುದು. ತಳದ ಮೀನು ತಳ ಬಿಟ್ಟು ಮೇಲೆ ಬಂದು ನಿಂತಿದೆ ಅಂದರೆ ಕೆಳಗೆ ಅದಕ್ಕೆ ಬದುಕಲು ಆಗುತ್ತಿಲ್ಲ ಅಂತ ಅರ್ಥ.

ಕಾರಣ ಇಷ್ಟೇ. ನೀರು ಅಷ್ಟು ಹಸಿರಾಗುವುದು ಪಾಚಿಯಿಂದ. ಹಗಲು ಬಿಸಿಲಿದ್ದಾಗ ಪಾಚಿ ಆಮ್ಲಜನಕ ಬಿಡುತ್ತದೆ. ಕತ್ತಲಾದ ಮೇಲೆ ಬಿಡುವುದು ನಿಂತು, ಅದೂ ಮೀನಿನ ಜೊತೆ ಸೇರಿ ಆಮ್ಲಜನಕ ಎಳೆಯಲು ಶುರು ಮಾಡುತ್ತದೆ. ತಳದಲ್ಲಿ ಕೊಳೆಯುತ್ತಿರುವ ಹಿಟ್ಟು, ಹಿಂಡಿ, ಹೇಸಿಗೆ ಎಲ್ಲಕ್ಕೂ ಅದೇ ಬೇಕು. ರಾತ್ರಿಯಿಡೀ ಖರ್ಚು, ಜಮಾ ಇಲ್ಲ. ಹಾಗಾಗಿ ಸೂರ್ಯ ಹುಟ್ಟುವ ಮುಂಚೆ ಆಮ್ಲಜನಕ ತೀರಾ ಕೆಳಗಿಳಿದಿರುತ್ತದೆ. ಗೆಂಡೆ ಜಾತಿಯ ಮೀನು ಚೆನ್ನಾಗಿರಲು ಲೀಟರಿಗೆ ಸುಮಾರು 5 ಮಿಲಿಗ್ರಾಂ ಬೇಕು. 3ಕ್ಕಿಂತ ಕೆಳಗೆ ಹೋದರೆ ಒದ್ದಾಡುತ್ತವೆ, ಊಟ ಬಿಡುತ್ತವೆ. ಬೇಸಿಗೆಯಲ್ಲಿ ಇನ್ನೂ ಕಷ್ಟ, ಯಾಕಂದರೆ ಬಿಸಿ ನೀರು ಹಿಡಿದಿಟ್ಟುಕೊಳ್ಳುವುದೇ ಕಮ್ಮಿ. ಸಮುದ್ರಮಟ್ಟದಲ್ಲಿ 20 ಡಿಗ್ರಿ ನೀರಿಗೆ ಹೆಚ್ಚೆಂದರೆ 9 ಮಿಲಿಗ್ರಾಂ ಹಿಡಿಯುತ್ತದೆ, 30 ಡಿಗ್ರಿಗೆ ಏಳೂವರೆ. ನಮ್ಮ ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಅದಕ್ಕಿಂತಲೂ ಸ್ವಲ್ಪ ಕಮ್ಮಿ. ಗಾಳಿಗೆ ತಾಗಿರುವ ನೀರಿನ ತೆಳು ಪದರದಲ್ಲಿ ಮಾತ್ರ ಒಂಚೂರು ಆಮ್ಲಜನಕ ಉಳಿದಿರುತ್ತದೆ. ಮೀನು ಬಾಯಿ ಬಿಟ್ಟು ಎಳೆಯುತ್ತಿರುವುದು ಆ ಪದರವನ್ನು.

2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ಊರಿಗೆಲ್ಲ ನೆನಪಿದೆ. ಆಗಲೂ ಕೇಳಿಬಂದದ್ದು ಆಮ್ಲಜನಕ ಕಮ್ಮಿಯಾದ ಮಾತೇ.

ಅನುಮಾನ ಇದ್ದರೆ ಒಂದು ಸಣ್ಣ ಕಲ್ಲು ಎಸೆದು ನೋಡಿ. ಆರೋಗ್ಯವಾಗಿರುವ ಮೀನು ಚದುರಿ ಓಡುತ್ತದೆ, ಬೇಗ ವಾಪಸ್ ಬರುವುದಿಲ್ಲ. ಅಲ್ಲಿ ಅಳಿಯ ಕಲ್ಲೆಸೆದ. ಮೀನುಗಳು ಒಂದು ಗೇಣು ಕೆಳಗಿಳಿದು ತಕ್ಷಣ ಅದೇ ಜಾಗಕ್ಕೆ ಬಂದವು. ಓಡಲು ಶಕ್ತಿ ಇಲ್ಲ, ಕೆಳಗೆ ಇರಲು ಗಾಳಿ ಇಲ್ಲ. ಮೂಲೆಯಲ್ಲಿ ಚಕ್ರದ ಏರೇಟರ್ ಒಂದು ಇತ್ತು, ನೀರು ಚಿಮ್ಮಿಸಿ ಅದಕ್ಕೆ ಗಾಳಿ ಬೆರೆಸುವ ಯಂತ್ರ. ಅದರ ರೆಕ್ಕೆಯ ಮೇಲೆ ಹಕ್ಕಿ ಹಿಕ್ಕೆ ಒಣಗಿ ಬೆಳ್ಳಗಾಗಿತ್ತು. "ಕರೆಂಟ್ ಬಿಲ್ ಜಾಸ್ತಿ ಬರುತ್ತೆ ಸಾರ್, ಬೇಕಾದಾಗ ಹಾಕ್ತೀವಿ" ಅಂದ ಮ್ಯಾನೇಜರ್. ಇನ್ಯಾವಾಗ ಬೇಕಾಗುತ್ತದೋ!

ಆ ಹೊತ್ತಿಗೆ ಭಾವ ಪೂರ್ತಿ ದುಡ್ಡು ಕೊಟ್ಟಾಗಿತ್ತು. ವಾಪಸ್ ಕೇಳಿದರೆ "ಬುಕಿಂಗ್ ಕ್ಯಾನ್ಸಲ್ ಇಲ್ಲ" ಅನ್ನುವ ಬೋರ್ಡ್ ತೋರಿಸಿದರು.

ಇನ್ನು ಅವರ ವ್ಯಾಪಾರ ನೋಡಿ. ನಾವು ಎರೆಹುಳು, ಬ್ರೆಡ್ಡು, ಅಕ್ಕ ಕಲಸಿಕೊಟ್ಟಿದ್ದ ತೌಡು ಕಡಲೆಹಿಟ್ಟಿನ ಉಂಡೆ ತೆಗೆದುಕೊಂಡು ಹೋಗಿದ್ದೆವು. ಒಂದಕ್ಕೂ ಮೀನು ಮೂಸಲಿಲ್ಲ. ಉಸಿರಾಡಲು ಒದ್ದಾಡುತ್ತಿರುವ ಮೀನು ತಿನ್ನುವುದಿಲ್ಲ, ಎಷ್ಟು ಒಳ್ಳೆ ಹಿಟ್ಟು ಹಾಕಿದರೂ ಅಷ್ಟೇ. ಆದರೆ ಅವರು ಹೇಳುವುದೇ ಬೇರೆ. "ನಿಮ್ ಹಿಟ್ಟು ಇಲ್ಲಿ ನಡೆಯಲ್ಲ ಸಾರ್, ನಮ್ ಸ್ಪೆಷಲ್ ತಗೊಳಿ." ಗುಲಾಬಿ ಬಣ್ಣ, ಐಸ್‌ಕ್ರೀಂ ಎಸೆನ್ಸ್ ವಾಸನೆ, ಒಂದು ಉಂಡೆಗೆ 150 ರೂಪಾಯಿ. ಸುತ್ತ ಕೂತಿದ್ದವರೆಲ್ಲ ಅದನ್ನು ಕೊಂಡು ಕೊಂಡು ನೀರಿಗೆ ಎಸೆಯುತ್ತಿದ್ದರು. ಮೀನು ತಿನ್ನದ ಹಿಟ್ಟು ತಳಕ್ಕೆ ಹೋಗಿ ಕೊಳೆಯುತ್ತದೆ, ಕೊಳೆಯಲು ಮತ್ತೆ ಆಮ್ಲಜನಕ ಎಳೆಯುತ್ತದೆ, ಮಾರನೇ ದಿನ ಬೆಳಗ್ಗೆ ಇನ್ನಷ್ಟು ಮೀನು ಮೇಲೆ ಬರುತ್ತವೆ, ಮತ್ತೆ ವೀಡಿಯೊ.

ಮೀನು ತಿನ್ನದಿದ್ದರೂ ಸಿಕ್ಕಿಬೀಳುವ ಹಾಗೆ ಮಾಡಲು ಅವರ ಬಾಡಿಗೆ ರಾಡಿಗೆ ಸ್ಪ್ರಿಂಗ್ ಕಟ್ಟಿರುತ್ತಾರೆ. ಸ್ಪ್ರಿಂಗಿನ ಸುತ್ತ ಹಿಟ್ಟು ಮೆತ್ತುವುದು, ಸುತ್ತಲೂ ಐದಾರು ಗಾಳ ನೇತಾಡುತ್ತಿರುತ್ತವೆ. ಮೀನು ಗುಂಪಿನ ನಡುವೆ ಎಸೆದು ಜಗ್ಗಿದರೆ ಬಾಯಿಗಲ್ಲ, ಹೊಟ್ಟೆಗೋ ಬೆನ್ನಿಗೋ ಎಲ್ಲಾದರೂ ಚುಚ್ಚುತ್ತದೆ. ಇದಕ್ಕೆ ಗಾಳ ಹಾಕುವುದು ಅನ್ನಲು ನನಗಂತೂ ಮನಸ್ಸಿಲ್ಲ. ದಾರ ಇನ್ನೊಂದು ಕಥೆ. ಬಿಸಿಲಿಗೆ ಬಿದ್ದು ಬಿದ್ದು ಬೆಳ್ಳಗಾಗಿ ಒರಟಾಗಿದ್ದ ಟಂಗೂಸು, ಉಗುರಿನ ಮೇಲೆ ಎಳೆದರೆ ಗರಗರ ಅನ್ನುತ್ತದೆ. ರೀಲಿನ ಡ್ರ್ಯಾಗ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಡ್ರ್ಯಾಗ್ ಇರುವುದೇ ದೊಡ್ಡ ಮೀನು ಎಳೆದಾಗ ದಾರ ಬಿಟ್ಟುಕೊಡಲು. 5 ಕೆಜಿ ತಡೆಯುವ ದಾರಕ್ಕೆ ಒಂದೂಕಾಲು, ಒಂದೂವರೆ ಕೆಜಿ ಎಳೆತಕ್ಕೇ ಅದು ತಿರುಗಬೇಕು. ಕಚ್ಚಿಕೊಂಡ ಡ್ರ್ಯಾಗಿಗೆ ಹಳೇ ದಾರ ಸೇರಿದರೆ ಕಟ್ ಆಗದೆ ಏನಾಗುತ್ತದೆ? ನಮ್ಮ ಪಕ್ಕದ ಹುಡುಗನಿಗೆ ಹಾಗೇ ಆಯಿತು. ಐದಾರು ಗಾಳ ಮೈಯಲ್ಲಿ ಹೊತ್ತು ಮೀನು ಹೋಯಿತು. ಅವನಿಂದ ಸ್ಪ್ರಿಂಗಿನ ದುಡ್ಡು ವಸೂಲಿ ಮಾಡಿದರು.

ಭಾವನಿಗೆ ಒಂದು ಕಾಟ್ಲಾ ಸಿಕ್ಕಿತು, ಬೆನ್ನಿಗೆ ಗಾಳ ಚುಚ್ಚಿಕೊಂಡು. ದಡಕ್ಕೆ ತಂದಾಗ ಅದು ಒದ್ದಾಡಲೂ ಇಲ್ಲ. ನಾನು ಕೈ ಒದ್ದೆ ಮಾಡಿಕೊಂಡು ಹಿಡಿದು ನೋಡಿದೆ. ಮೇಲ್ತುಟಿಯ ಒಂದು ಬದಿ ಹರಿದು ಹಳೇ ಗಾಯ ಬಿಳಿಚಿಕೊಂಡಿತ್ತು. ಹೊಟ್ಟೆಯ ಹತ್ತಿರ ಹುರುಪೆಯ ಮೇಲೆ ಅಕ್ಕಿಕಾಳಿಗಿಂತ ಸಣ್ಣದಾದ, ಚಪ್ಪಟೆಯ, ಒಳಗಿನದೆಲ್ಲ ಕಾಣುವಂಥ ಹುಳುಗಳು ಹರಿದಾಡುತ್ತಿದ್ದವು. ಮೀನು ಹೇನು. ಚರ್ಮ ಚುಚ್ಚಿ ರಕ್ತ ಹೀರುತ್ತವೆ, ಚುಚ್ಚಿದ ಕಡೆ ಕೆಂಪು ಚುಕ್ಕೆ. ಮೀನು ಕಿಕ್ಕಿರಿದಿರುವ ಹೊಂಡದಲ್ಲಿ ಒಂದರಿಂದ ಇನ್ನೊಂದಕ್ಕೆ ಬೇಗ ಹಬ್ಬುತ್ತವೆ. ಕಿವಿರು ಎತ್ತಿದರೆ ಕಡುಗೆಂಪು ಇರಬೇಕಾದ ಜಾಗ ಕಂದು ಬಣ್ಣ. ಹೇಸಿಗೆ, ಕೊಳೆತ ಹಿಟ್ಟಿನಿಂದ ಹುಟ್ಟುವ ನೈಟ್ರೈಟ್ ಅನ್ನುವ ವಿಷ ನೀರಿನಲ್ಲಿ ಜಾಸ್ತಿಯಾದರೆ ಮೀನಿನ ರಕ್ತ ಹೀಗೆ ಕಂದಾಗುತ್ತದೆ, ಆಮ್ಲಜನಕ ಹೊರುವ ಶಕ್ತಿ ಹೋಗುತ್ತದೆ.

ಬಿಟ್ಟುಬಿಡೋಣ ಅಂದೆವು. ಆಗ ಶುರುವಾಯಿತು. "ರಕ್ತ ಬಂದ ಮೀನು ವಾಪಸ್ ಹಾಕಂಗಿಲ್ಲ, ಸಾಯುತ್ತೆ. ತೂಕ ಹಾಕ್ತೀವಿ, ತಗೊಂಡ್ ಹೋಗಿ." ಫೋನಿನಲ್ಲಿ ಒತ್ತಾಯ ಇಲ್ಲ ಅಂದಿದ್ದಿರಲ್ಲ ಅಂದರೆ, ಅದು ರಕ್ತ ಬರದ ಮೀನಿಗಂತೆ. ಸ್ಪ್ರಿಂಗಿಗೆ ಸಿಕ್ಕ ಯಾವ ಮೀನಿಗೆ ರಕ್ತ ಬರುವುದಿಲ್ಲ ಹೇಳಿ? ಒದ್ದೆ ಗೋಣಿಚೀಲದ ಸಮೇತ ತೂಗಿದರು. ಚೀಲ ಬಿಟ್ಟು ತೂಗಿ ಅಂತ ಭಾವ ಗಲಾಟೆ ಮಾಡಿದ ಮೇಲೆ ಮುಕ್ಕಾಲು ಕೆಜಿ ಇಳಿಯಿತು. ಬೆಲೆ ಅಂಗಡಿಗಿಂತ ದುಬಾರಿ, ಅದನ್ನು ಕೇಳುವ ಹಾಗೇ ಇಲ್ಲ.

"ಇಲ್ಲಿ ಬೋರಾದ್ರೆ ಹಿಂದಿನ ಹೊಂಡಕ್ಕೆ ಬನ್ನಿ ಸಾರ್, ಅಲ್ಲಿ ಕ್ಯಾಟ್‌ಫಿಶ್, ಹಾಕಿದ ತಕ್ಷಣ ಕಚ್ತವೆ" ಅಂತ ಇನ್ನೊಬ್ಬ ಕರೆದ. ವಾಸನೆಗೇ ನಾನು ಅರ್ಧ ದಾರಿಯಲ್ಲಿ ನಿಂತೆ. ಕೋಳಿ ಅಂಗಡಿಯ ಕರುಳು, ಪುಕ್ಕ ತಂದು ಸುರಿಯುತ್ತಾರೆ. ಅವು ಆಫ್ರಿಕನ್ ಕ್ಯಾಟ್‌ಫಿಶ್. ನಮ್ಮ ದೇಶದಲ್ಲಿ ಅದನ್ನು ಸಾಕುವುದಕ್ಕೆ ನಿಷೇಧ ಇದೆ. ಅದಕ್ಕೆ ನೀರಿನ ಆಮ್ಲಜನಕ ತೀರಿದರೂ ಪರವಾಗಿಲ್ಲ, ಮೇಲೆ ಬಂದು ಗಾಳಿಯನ್ನೇ ಉಸಿರಾಡುತ್ತದೆ. ಮಳೆಗಾಲದಲ್ಲಿ ಹೊಂಡ ತುಂಬಿ ಕೋಡಿ ಹರಿದರೆ ಹಳ್ಳ ಹಿಡಿದು ಕೆರೆ ಸೇರುತ್ತದೆ, ಅಲ್ಲಿರುವ ನಾಡಮೀನು, ಮರಿ, ಕಪ್ಪೆ ಏನನ್ನೂ ಬಿಡುವುದಿಲ್ಲ. ಕಾಸು ಕೊಟ್ಟು ಇದಕ್ಕೆ ಪ್ರೋತ್ಸಾಹ ಕೊಡಬೇಡಿ.

(ನಮ್ಮ ಕೊರವ ಮೀನೂ ಗಾಳಿ ಉಸಿರಾಡುವಂಥದ್ದೇ. ಆದರೆ ಅದು ಒಂದೊಂದಾಗಿ ಬಂದು ಒಂದು ಗುಟುಕು ಎಳೆದು ಪಟ್ಟನೆ ಮುಳುಗುತ್ತದೆ. ಅದನ್ನು ನೋಡಿ ನೀರು ಕೆಟ್ಟಿದೆ ಅಂದುಕೊಳ್ಳಬೇಡಿ. ಬಾಯಿ ಮೇಲಿಟ್ಟು ಗುಂಪಾಗಿ ನಿಂತೇ ಇರುವುದನ್ನು ನೋಡಿ ಹೆದರಬೇಕು.)

ದುಡ್ಡು ಕೊಟ್ಟಾಗಿತ್ತಲ್ಲ, ಮೀನು ಮನೆಗೆ ಬಂತು. ಅಕ್ಕ ಬೇಡ ಬೇಡ ಅಂದುಕೊಂಡೇ ಸಾರು ಮಾಡಿದಳು. ಹುಣಸೆಹುಳಿ ಜಾಸ್ತಿ ಹಾಕಿದರೂ ಕೆಸರಿನ ವಾಸನೆ ಹೋಗಲಿಲ್ಲ. ನೀಲಿ ಹಸಿರು ಪಾಚಿ ಮತ್ತು ಕೆಲವು ಬ್ಯಾಕ್ಟೀರಿಯಾ ಜಿಯೋಸ್ಮಿನ್ ಅನ್ನುವ ವಸ್ತು ಬಿಡುತ್ತವೆ, ಅದು ಮೀನಿನ ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ಮೊದಲ ಮಳೆ ಬಿದ್ದಾಗ ಬರುವ ಮಣ್ಣಿನ ವಾಸನೆಯೂ ಅದರದ್ದೇ, ಅಲ್ಲಿ ಚೆಂದ, ಸಾರಿನಲ್ಲಿ ಅಲ್ಲ. ಹುಳಿ ಅದನ್ನು ಸ್ವಲ್ಪ ಮುರಿಯುತ್ತದೆ, ಅದಕ್ಕೇ ಕೆರೆ ಮೀನಿಗೆ ಹುಳಿ ಮುಂದಾಗಿ ಹಾಕುವುದು. ಈ ಮೀನಿನಲ್ಲಿ ಹುಳಿಗೂ ಬಗ್ಗದಷ್ಟು ಇತ್ತು. ಒಳ್ಳೆಯ ಸಾಕಣೆಯವರು ಮಾರುವ ಮುಂಚೆ ಮೀನನ್ನು ಕೆಲವು ದಿನ ಶುದ್ಧ ನೀರಿನಲ್ಲಿ ಬಿಟ್ಟಿರುತ್ತಾರೆ, ಆಗ ವಾಸನೆ ಇಳಿಯುತ್ತದೆ. ಇವರಿಗೆ ಅದೆಲ್ಲ ಯಾಕೆ.

ಬೆಳಗ್ಗೆ ಬೇಗ ಹೋಗಿದ್ದು ಒಳ್ಳೆಯದಾಯಿತು ಅಂದೆನಲ್ಲ, ಅದು ಇದಕ್ಕೆ. ಬಿಸಿಲೇರಿದ ಮೇಲೆ ಪಾಚಿ ಮತ್ತೆ ಆಮ್ಲಜನಕ ಬಿಡುತ್ತದೆ, ಮೀನು ಕೆಳಗಿಳಿಯುತ್ತವೆ, ಹತ್ತು ಹನ್ನೊಂದು ಗಂಟೆಗೆ ಹೋದವರಿಗೆ ಹೊಂಡ ಸುಮ್ನೆ ಶಾಂತವಾಗಿ ಕಾಣುತ್ತದೆ. ನಾವು ಹೊರಡುವಾಗ ಬಂದ ಇಬ್ಬರಿಗೆ ಹೇಳಿದರೆ ನಂಬಲೇ ಇಲ್ಲ, "ಎಲ್ಲಿ ಸಾರ್ ಮೀನು ಮೇಲಿದೆ?" ಅಂದರು. ಹಾಗಾಗಿ ಹೋಗಲೇಬೇಕು ಅನ್ನಿಸಿದರೆ ಸೂರ್ಯ ಹುಟ್ಟುವ ಹೊತ್ತಿಗೆ ಬರಿಗೈಯಲ್ಲಿ ಒಂದು ಸಲ ಹೋಗಿ ನೀರು ನೋಡಿ ಬನ್ನಿ. ಅದಕ್ಕೂ ಮುಂಚೆ ಫೋನಿನಲ್ಲಿ ಕೇಳಿ: ರಾತ್ರಿ ಏರೇಟರ್ ಓಡಿಸುತ್ತೀರಾ, ಸ್ವಂತ ರಾಡ್ ತಂದು ಒಂದೇ ಗಾಳ ಹಾಕಬಹುದಾ, ಹಿಡಿದ ಮೀನು ಕೊಳ್ಳಲೇಬೇಕಾ. ಉತ್ತರ ಮೆಸೇಜಿನಲ್ಲಿ ಬರೆಸಿಕೊಳ್ಳಿ, ಬಾಯಿಮಾತು ದಡದಲ್ಲಿ ನಡೆಯುವುದಿಲ್ಲ. ಎಷ್ಟು ಮೀನು ಬಿಟ್ಟಿದ್ದೀರಿ ಅಂತಲೂ ಕೇಳಿ. ಸಾಕಣೆಯಲ್ಲಿ ಹೆಕ್ಟೇರಿಗೆ, ಅಂದರೆ ಎರಡೂವರೆ ಎಕರೆಗೆ, 5,000ದಿಂದ 10,000 ಮರಿ ಬಿಡುವುದು ರೂಢಿ. ಅರ್ಧ ಎಕರೆ ಹೊಂಡದಲ್ಲಿ "ಹತ್ತು ಸಾವಿರ ಮೀನಿದೆ ಸಾರ್" ಅಂತ ಜಂಬದಿಂದ ಹೇಳಿದರೆ ಫೋನ್ ಇಟ್ಟುಬಿಡಿ. ಅಡ್ವಾನ್ಸ್ ಇಲ್ಲದೆ ಒಳಗೆ ಬಿಡುವುದಿಲ್ಲ ಅಂದವರಿಗೂ ಅಷ್ಟೇ.