ನಾಲ್ಕು ವರ್ಷ ಮೂನ್ ಡ್ರೂಯಿಡ್ ಆಡಿದ ಮೇಲೆ

2021ರಿಂದ ನಾನು ಒಂದೇ ಪಾತ್ರ ಆಡುತ್ತಿದ್ದೇನೆ. ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಟೇಬಲ್ ಸುತ್ತ ಕೂತು, ಡೈಸ್ ಉರುಳಿಸಿ, ಕಥೆಯೊಳಗೆ ಪಾತ್ರ ವಹಿಸುವ ಆಟ) ಐದನೇ ಆವೃತ್ತಿ, ಪುಸ್ತಕ 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್, ಪಾತ್ರ ಸರ್ಕಲ್ ಆಫ್ ದ ಮೂನ್ ಡ್ರೂಯಿಡ್, ಅಂದರೆ ಮಂತ್ರವೂ ಬಲ್ಲ, ಪ್ರಾಣಿಯ ರೂಪ ತಾಳಿ ಹೊಡೆದಾಡುವವನು. ಹದಿನೈದು ದಿನಕ್ಕೊಂದು ಭಾನುವಾರ ಐದು ಜನ ಸೇರುತ್ತೇವೆ. ಈಗ 11ನೇ ಲೆವೆಲ್‌ಗೆ ಬಂದಿದ್ದೇವೆ. ರೂಪ ಬದಲಿಸಿ ಹೊಡೆದಾಡುವ ಪಾತ್ರ ಬೇಕು ಅನ್ನುವವರಿಗೆ ಇದು ಎಷ್ಟು ಸರಿ ಅಂತ ಈಗ ಧೈರ್ಯವಾಗಿ ಹೇಳಬಲ್ಲೆ.

ಶುರುವಿನಲ್ಲಿ ಇದರ ಬಲ ನೋಡಿ ನಮ್ಮ ಟೇಬಲ್ಲೇ ಬೆರಗಾಗಿತ್ತು. 2ನೇ ಲೆವೆಲ್‌ನಲ್ಲಿ ನನ್ನ ಸ್ವಂತ ಎಚ್‌ಪಿ (ಎಷ್ಟು ಏಟು ತಾಳಬಹುದು ಅನ್ನುವ ಅಂಕ) 17. ಕಂದು ಕರಡಿಗೆ 34. ಒಂದು ವಿಶ್ರಾಂತಿಯಿಂದ ಇನ್ನೊಂದರೊಳಗೆ ಎರಡು ಸಲ ರೂಪ ತಾಳಬಹುದು. ಲೆಕ್ಕ ಹಾಕಿ: ಎರಡು ಕರಡಿ, ಆಮೇಲೆ ನಾನು, ಒಟ್ಟು 85. ಪಕ್ಕದಲ್ಲಿದ್ದ ಫೈಟರ್‌ಗೆ ಇದ್ದದ್ದು 22. ಅದರ ಮೇಲೆ ಬೇರೆ ಡ್ರೂಯಿಡ್‌ಗಳು ರೂಪ ಬದಲಿಸೋಕೆ ಇಡೀ ಆಕ್ಷನ್ (ಒಂದು ಸರದಿಯ ಮುಖ್ಯ ಕೆಲಸ) ಕೊಡಬೇಕು, ಮೂನ್ ಡ್ರೂಯಿಡ್‌ಗೆ ಬೋನಸ್ ಆಕ್ಷನ್ (ಅದರ ಜೊತೆಗೇ ಮಾಡಬಹುದಾದ ಚಿಕ್ಕ ಕೆಲಸ) ಸಾಕು.

ಆದರೆ ಕರಡಿಗಿಂತ ನನಗೆ ಡೈರ್ ವುಲ್ಫ್ ಅನ್ನುವ ದೊಡ್ಡ ತೋಳ ಇಷ್ಟ. ಎಚ್‌ಪಿ 37, ಎಸಿ (ಏಟು ತಾಗಲು ಶತ್ರು ಮುಟ್ಟಬೇಕಾದ ಅಂಕ) 14. ಜೊತೆಗಾರ ಶತ್ರುವಿನ ಪಕ್ಕದಲ್ಲಿದ್ದರೆ ಎರಡು ಡೈಸ್ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಕಚ್ಚಿದ ಮೇಲೆ ಎದುರಿನವನು 13ರ ಸ್ಟ್ರೆಂತ್ ಸೇವ್ (ಮೈಬಲದಿಂದ ತಪ್ಪಿಸಿಕೊಳ್ಳೋಕೆ ಉರುಳಿಸುವ ಡೈಸ್) ಸೋತರೆ ನೆಲಕ್ಕೆ ಬೀಳುತ್ತಾನೆ. ಫೈಟರ್‌ಗೆ ಹಬ್ಬ. ನಮ್ಮ ಬಿಲ್ಲುಗಾರ್ತಿಗೆ ಮಾತ್ರ ಕಷ್ಟ, ಬಿದ್ದವನ ಮೇಲೆ ದೂರದಿಂದ ಬಾಣ ಬಿಟ್ಟರೆ ಗುರಿ ತಪ್ಪುವುದೇ ಜಾಸ್ತಿ. ಹಾಗಾಗಿ ಕಚ್ಚುವ ಮುಂಚೆ "ಅಕ್ಕಾ, ನೀವು ಮೊದಲು ಹೊಡೀತೀರಾ?" ಅಂತ ಕೇಳುವುದು ರೂಢಿಯಾಗಿದೆ.

ಕಷ್ಟ ಶುರುವಾಗಿದ್ದು 5ನೇ ಲೆವೆಲ್‌ನಲ್ಲಿ. ಪುಸ್ತಕದ ಪ್ರಕಾರ 5ರವರೆಗೂ ಚಾಲೆಂಜ್ ರೇಟಿಂಗ್ (ಪ್ರಾಣಿ ಎಷ್ಟು ಬಲಶಾಲಿ ಅನ್ನುವ ಅಂಕ) 1ರ ಪ್ರಾಣಿಗಳೇ ಗತಿ. ಫೈಟರ್‌ಗೆ ಎರಡನೇ ಹೊಡೆತ ಬಂತು, ನಾನು ಅದೇ ಕರಡಿ. ಆ ಹೊತ್ತಿಗೆ ಸರಿಯಾಗಿ ಎದುರಿಗೆ ಒಂದು ವೇರ್‌ವುಲ್ಫ್ (ತೋಳವಾಗುವ ಮನುಷ್ಯ) ನಿಂತಿತು. ಎರಡು ಸುತ್ತು ಪರಚಿದೆ, ಕಚ್ಚಿದೆ. ಡೈಸ್ ಚೆನ್ನಾಗೇ ಬಿತ್ತು. ಏಟು ಸೊನ್ನೆ. ಮ್ಯಾಜಿಕ್ ಅಲ್ಲದ, ಬೆಳ್ಳಿಯೂ ಅಲ್ಲದ ಏಟು ಅದಕ್ಕೆ ತಾಗುವುದೇ ಇಲ್ಲ. ನಮ್ಮ ಉಗುರು ಹಲ್ಲಿಗೆ ಮ್ಯಾಜಿಕ್ ಬರುವುದು 6ನೇ ಲೆವೆಲ್‌ಗೆ.

ಮನುಷ್ಯ ರೂಪಕ್ಕೆ ವಾಪಸ್ ಬಂದು ಮೂನ್‌ಬೀಮ್ ಅನ್ನುವ ಸ್ಪೆಲ್ (ಮಂತ್ರ) ಹಾಕಿದೆ, ಅದು ಸುಡುವ ಬೆಳದಿಂಗಳ ಕಂಬ. ರೂಪ ಬದಲಿಸುವ ಜೀವಿಗಳು ಆ ಬೆಳಕಿನಲ್ಲಿ ಸೇವ್ ಸೋತರೆ ತಮ್ಮ ಅಸಲಿ ರೂಪಕ್ಕೆ ಬರಲೇಬೇಕು. ತೋಳ ಹೋಗಿ, ಬರೀ ಕಾಲಿನ ಒಬ್ಬ ಮನುಷ್ಯ ಉರಿಯುತ್ತಾ ನಿಂತಿದ್ದ. ಟೇಬಲ್ ಒಂದು ಕ್ಷಣ ಗಪ್‌ಚುಪ್. ಈ ಪಾತ್ರದಲ್ಲಿ ಮೊದಲು ಸ್ಪೆಲ್, ಆಮೇಲೆ ಮೈ ಅನ್ನುವುದು ನನಗೆ ಅವತ್ತು ಗೊತ್ತಾಯಿತು.

ಪ್ರಾಣಿಯಾಗಿರುವಾಗ ಹೊಸ ಸ್ಪೆಲ್ ಹಾಕೋಕೆ ಆಗಲ್ಲ. ಆದರೆ ಮೊದಲೇ ಹಾಕಿದ್ದರ ಮೇಲೆ ಕಾನ್ಸಂಟ್ರೇಷನ್ (ಸ್ಪೆಲ್ ನಡೆಯುತ್ತಲೇ ಇರೋಕೆ ಬೇಕಾದ ಗಮನ) ಉಳಿಯುತ್ತದೆ. ಮೂನ್ ಡ್ರೂಯಿಡ್ ಒಂದೇ ಸರದಿಯಲ್ಲಿ ಆಕ್ಷನ್ ಕೊಟ್ಟು ಸ್ಪೆಲ್ ಹಾಕಿ, ಬೋನಸ್ ಆಕ್ಷನ್ ಕೊಟ್ಟು ರೂಪ ಬದಲಿಸಬಹುದು. 6ನೇ ಲೆವೆಲ್‌ನಲ್ಲಿ ದೈತ್ಯ ಹೆಬ್ಬಾವು ಸಿಕ್ಕಿದ ಮೇಲೆ ನನ್ನ ಆಟವೇ ಬದಲಾಯಿತು. ಎಚ್‌ಪಿ 60. ಸುತ್ತಿಕೊಂಡರೆ ಬಿಡಿಸಿಕೊಳ್ಳೋಕೆ 16 ಬೇಕು, ಅಲ್ಲಿಯವರೆಗೆ ಶತ್ರು ಅಲ್ಲಾಡುವ ಹಾಗಿಲ್ಲ. ಶತ್ರುವಿನ ಮೇಲೆ ಮೂನ್‌ಬೀಮ್ ಬಿಡುತ್ತೇನೆ, ಹಾವಾಗಿ ಬೆಳಕಿನ ಅಂಚಿನಲ್ಲಿ ನಿಂತು ಅವನನ್ನು ಅಲ್ಲೇ ಹಿಡಿಯುತ್ತೇನೆ. ಅವನ ಪ್ರತಿ ಸರದಿಯ ಶುರುವಿಗೆ ಹತ್ತು ಮುಖದ ಎರಡು ಡೈಸ್ ಏಟು. ಕಟ್ಟಿಬಿದ್ದವನನ್ನು ಹೊಡೆಯೋಕೆ ಜೊತೆಗಾರರಿಗೂ ಸುಲಭ. ನಮ್ಮ ರೋಗ್‌ನ (ಕಳ್ಳನಂಥ ಪಾತ್ರ) ಸ್ನೀಕ್ ಅಟ್ಯಾಕ್, ಅಂದರೆ ಅವಕಾಶ ನೋಡಿ ಕೊಡುವ ಹೆಚ್ಚಿನ ಏಟು, ಒಂದು ಸಲವೂ ತಪ್ಪಿಹೋಗಲ್ಲ.

ಇದೆಲ್ಲ ನಿಲ್ಲುವುದು ಕಾನ್ಸಂಟ್ರೇಷನ್ ಮೇಲೆ. ಅದಕ್ಕೇ 4ನೇ ಲೆವೆಲ್‌ನಲ್ಲಿ ವಾರ್ ಕ್ಯಾಸ್ಟರ್ (ಏಟು ಬಿದ್ದರೂ ಕಾನ್ಸಂಟ್ರೇಷನ್ ಉಳಿಸಿಕೊಳ್ಳೋಕೆ ನೆರವಾಗುವ ವಿಶೇಷ ಶಕ್ತಿ) ತಗೊಂಡೆ, ಪಶ್ಚಾತ್ತಾಪ ಇಲ್ಲ. ಅಂಕ ಹಂಚುವಾಗ ವಿಸ್ಡಮ್ (ಡ್ರೂಯಿಡ್‌ನ ಸ್ಪೆಲ್ ಬಲ) 16, ಕಾನ್ಸ್ಟಿಟ್ಯೂಷನ್ (ತಾಳಿಕೆ) 14, ಡೆಕ್ಸ್ಟೆರಿಟಿ (ಚುರುಕು) 14 ಇಟ್ಟೆ, ಸ್ಟ್ರೆಂತ್ 8ಕ್ಕೆ ಬಿಟ್ಟೆ. ಮೈಬಲ ಹೇಗೂ ಪ್ರಾಣಿಯದ್ದೇ ಅಲ್ವಾ? ಬಾರ್ಬೇರಿಯನ್ (ರೊಚ್ಚಿಗೆದ್ದು ಹೊಡೆದಾಡುವ ಪಾತ್ರ) ಒಂದು ಲೆವೆಲ್ ಸೇರಿಸಿ ಅಂತ ತುಂಬಾ ಜನ ಹೇಳುತ್ತಾರೆ. ಆ ರೊಚ್ಚು, ಅಂದರೆ ರೇಜ್‌ನಲ್ಲಿದ್ದಾಗ ಉಗುರು, ಕತ್ತಿಯ ಏಟು ಅರ್ಧ ಆಗುತ್ತದೆ, ನಿಜ. ಆದರೆ ರೇಜ್ ಬಂದರೆ ಕಾನ್ಸಂಟ್ರೇಷನ್ ಹೋಯಿತು. ಒಂದು ಚಿಕ್ಕ ಕ್ಯಾಂಪೇನ್‌ನಲ್ಲಿ (ಹಲವು ಸಲ ಕೂತು ಆಡುವ ಒಂದು ಕಥೆ) ಆಡಿ ನೋಡಿದೆ, ಕೈಕಟ್ಟಿದ ಹಾಗಾಯಿತು. ನನಗೆ ಬೇಡ.

ಇನ್ನೊಂದು ವಿಷಯ, ಬೇರೆಯವರ ಸಮಯ. ಶುರುವಿನಲ್ಲಿ ರೂಪ ಬದಲಿಸಿದಾಗಲೆಲ್ಲ ಪುಟ ತಿರುವುತ್ತಾ ಕೂರುತ್ತಿದ್ದೆ. ನಾಲ್ಕು ಜನ ಸುಮ್ನೆ ಕಾಯಬೇಕಿತ್ತು. ಈಗ ಪೋಸ್ಟ್‌ಕಾರ್ಡ್ ಗಾತ್ರದ ರಟ್ಟಿನ ಮೇಲೆ ಒಂದೊಂದು ಪ್ರಾಣಿಯನ್ನು ಬರೆದಿಟ್ಟಿದ್ದೇನೆ: ಎಸಿ, ಎಚ್‌ಪಿ, ವೇಗ, ಏಟು. ಎಚ್‌ಪಿ ಮಾತ್ರ ಪೆನ್ಸಿಲ್‌ನಲ್ಲಿ. ಹ್ಯಾಂಡ್‌ಬುಕ್‌ನ ಕೊನೆಯಲ್ಲಿ ಚಿಕ್ಕಪುಟ್ಟ ಪ್ರಾಣಿಗಳಿವೆ. ಹೆಬ್ಬಾವು, ಎಲಿಮೆಂಟಲ್‌ಗಳಿಗೆ (ಮಣ್ಣು, ಬೆಂಕಿಯಂಥವುಗಳಿಂದಾದ ಜೀವಿಗಳು) ಮಾನ್‌ಸ್ಟರ್ ಮ್ಯಾನ್ಯುಯಲ್ ಅನ್ನುವ ಜೀವಿಗಳ ಪುಸ್ತಕ ಕೊಳ್ಳಲೇಬೇಕು ಅಂತಿಲ್ಲ, ಉಚಿತವಾಗಿ ಸಿಗುವ ಎಸ್‌ಆರ್‌ಡಿ 5.1 ಅನ್ನುವ ನಿಯಮಗಳ ಸಂಗ್ರಹದಲ್ಲಿ ಅವೂ ಇವೆ.

10ನೇ ಲೆವೆಲ್‌ನಲ್ಲಿ ಎಲಿಮೆಂಟಲ್ ರೂಪ ಬರುತ್ತದೆ. ಎರಡೂ ಸಲದ ಬಳಕೆ ಒಂದಕ್ಕೇ ಹೋಗುತ್ತದೆ, ಆದರೂ ಸರಿ. ಅರ್ತ್ ಎಲಿಮೆಂಟಲ್‌ಗೆ ಎಚ್‌ಪಿ 126, ಎಸಿ 17, ಮಣ್ಣು ಕಲ್ಲಿನೊಳಗೆ ನಡೆದುಕೊಂಡೇ ಹೋಗಬಹುದು.

2024ರ ಹೊಸ ಹ್ಯಾಂಡ್‌ಬುಕ್ ಕೂಡ ಆಡಿ ನೋಡಿದ್ದೇನೆ. ಅದರಲ್ಲಿ ಪ್ರಾಣಿಯ ಎಚ್‌ಪಿ ಸಿಗಲ್ಲ. ನಮ್ಮ ಎಚ್‌ಪಿಯೇ ಉಳಿದು, ಮೂನ್ ಡ್ರೂಯಿಡ್‌ಗೆ ಲೆವೆಲ್‌ನ ಮೂರು ಪಟ್ಟು ತಾತ್ಕಾಲಿಕ ಎಚ್‌ಪಿ ಸೇರುತ್ತದೆ. ಎಸಿ ಕನಿಷ್ಠ 13 ಜೊತೆಗೆ ವಿಸ್ಡಮ್ ಮಾಡಿಫೈಯರ್ (ವಿಸ್ಡಮ್ ಅಂಕದಿಂದ ಬರುವ ಹೆಚ್ಚುವರಿ). ಮೂನ್‌ಬೀಮ್, ಗಾಯ ಮಾಗಿಸುವ ಕ್ಯೂರ್ ವೂಂಡ್ಸ್ ಪ್ರಾಣಿಯಾಗಿದ್ದಾಗಲೇ ಹಾಕಬಹುದು. 2ನೇ ಲೆವೆಲ್‌ನ ಆ ಅತಿರೇಕ ಹೋಯಿತು, 5ನೇ ಲೆವೆಲ್‌ನ ಸೊರಗೂ ಹೋಯಿತು. ಹೊಸಬರಿಗೆ ನಾನು ಇದನ್ನೇ ಕೊಳ್ಳಿ ಅನ್ನುತ್ತೇನೆ. ಆದರೆ ಒಂದು ಮೈ ಸತ್ತು ಇನ್ನೊಂದು ಮೈಯಿಂದ ಏಳುವ ಹಳೆಯ ಖುಷಿ ಅದರಲ್ಲಿಲ್ಲ. ಹಾಗಾಗಿ ಈ ಕ್ಯಾಂಪೇನ್ ಮುಗಿಯುವವರೆಗೆ ಹಳೆಯ ಪುಸ್ತಕವೇ ಇರಲಿ ಅಂತ ಡಿಎಂ (ಆಟ ನಡೆಸುವವರು) ಹತ್ತಿರ ಕೇಳಿಕೊಂಡೆ, ಅವರೂ ಒಪ್ಪಿದರು. 12ಕ್ಕೆ ಆನೆ ಸಿಗುತ್ತದೆ. ಅದರ ಕಾರ್ಡ್ ಆಗಲೇ ಬರೆದಿಟ್ಟಿದ್ದೇನೆ.