ಪ್ಯೂಮಾ ವೆಲಾಸಿಟಿ ನೈಟ್ರೋ 3: ಒಂದು ಮ್ಯಾರಥಾನ್ ಸೀಸನ್ ಓಡಿದ ಮೇಲೆ

ಶೂ ವಿಮರ್ಶೆ ಬರೆಯುವವರು ಸಾಮಾನ್ಯವಾಗಿ ಪಾದದ ಕೆಳಗಿನ ಮೆತ್ತೆಯಿಂದ, ಅಂದರೆ ಫೋಮ್‌ನಿಂದ ಶುರು ಮಾಡುತ್ತಾರೆ. ನಾನು ತಳದ ರಬ್ಬರಿನಿಂದ ಶುರು ಮಾಡುತ್ತೇನೆ. ಜನವರಿಯ ಮೂರನೇ ಭಾನುವಾರ ಮುಂಬೈ ಮ್ಯಾರಥಾನ್. ಅದಕ್ಕೆ ಬೆಂಗಳೂರಿನಲ್ಲಿ ತಯಾರಿ ಮಾಡುವವರ ತರಬೇತಿ ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಶುರುವಾಗಬೇಕು. ಅಂದರೆ ಉದ್ದದ ಓಟಗಳಲ್ಲಿ ಅರ್ಧಕ್ಕರ್ಧ ಒದ್ದೆ ನೆಲದ ಮೇಲೆ. ಹಿಂದಿನ ರಾತ್ರಿ ಮಳೆ ಸುರಿದಿರುತ್ತದೆ, ಬೆಳಗ್ಗೆ ಐದಕ್ಕೆ ರಸ್ತೆ ದೀಪದ ಬೆಳಕಲ್ಲಿ ಎಲ್ಲವೂ ಒಂದೇ ಥರ ಹೊಳೆಯುತ್ತದೆ. ಟಾರು ಯಾವುದು, ಗ್ರಾನೈಟ್ ಚಪ್ಪಡಿ ಯಾವುದು, ಮ್ಯಾನ್‌ಹೋಲ್ ಮುಚ್ಚಳ ಯಾವುದು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಕಾಲಿಗೆ ಗೊತ್ತಾಗುತ್ತದೆ, ಅದೂ ತಡವಾಗಿ.

ಈ ಸೀಸನ್‌ನಲ್ಲಿ ನನ್ನ ಹತ್ತಿರ ಎರಡು ಜೊತೆ ಇದ್ದವು. ದಿನನಿತ್ಯದ ಓಟಕ್ಕೆ ಪ್ಯೂಮಾದ ವೆಲಾಸಿಟಿ ನೈಟ್ರೋ 3. ರೇಸ್‌ಗೆ ಅಂತ ತೆಗೆದುಕೊಂಡ ಕಾರ್ಬನ್ ಪ್ಲೇಟಿನ ಶೂ, ಅಂದರೆ ಫೋಮ್‌ನೊಳಗೆ ಕಾರ್ಬನ್ ನಾರಿನ ಗಟ್ಟಿ ಹಾಳೆ ಇರುವಂಥದ್ದು, ಇನ್ನೊಂದು. ಎರಡನೆಯದರ ಹೆಸರು ಇಲ್ಲಿ ಬೇಡ. ನನಗೆ ಹೊಂದಲಿಲ್ಲ ಅಂದ ಮಾತ್ರಕ್ಕೆ ಎಲ್ಲರಿಗೂ ಹೊಂದುವುದಿಲ್ಲ ಅಂತಿಲ್ಲ. ಅದರ ಕಥೆ ಆಮೇಲೆ ಹೇಳುತ್ತೇನೆ.

ವೆಲಾಸಿಟಿ 2024ರಲ್ಲಿ ಬಂದ ಮಾಡೆಲ್. ಹಿಮ್ಮಡಿ ಮುಂಗಾಲಿಗಿಂತ 10 ಮಿಲಿಮೀಟರ್ ಎತ್ತರದಲ್ಲಿರುತ್ತದೆ. ಇದನ್ನೇ ಡ್ರಾಪ್ ಅನ್ನುವುದು. ಡ್ರಾಪ್ ಜಾಸ್ತಿ ಇದ್ದರೆ ಮೀನಖಂಡಕ್ಕೂ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜಿಗೂ ಎಳೆತ ಕಡಿಮೆ, ಮೊಣಕಾಲಿಗೆ ಸ್ವಲ್ಪ ಜಾಸ್ತಿ ಕೆಲಸ. ಡ್ರಾಪ್ ಕಡಿಮೆ ಇದ್ದರೆ ಉಲ್ಟಾ. ನನ್ನದು ಬಿಗಿ ಮೀನಖಂಡ, ಹಾಗಾಗಿ 10 ನನಗೆ ಸರಿಹೋಯಿತು. ಮೊಣಕಾಲು ನೋವಿನವರು ಸುಮ್ನೆ ನನ್ನ ಮಾತು ಕೇಳಿ ಕೊಳ್ಳಬೇಡಿ, ಅಂಗಡಿಗೆ ಹೋಗಿ ಹಾಕಿಕೊಂಡು ನೋಡಿ.

ತಳದಲ್ಲಿರುವುದು ಪ್ಯೂಮಾಗ್ರಿಪ್ ಅನ್ನುವ ರಬ್ಬರ್. ಕಂಪನಿಯವರು ಇಟ್ಟ ಹೆಸರು ಜಾಹೀರಾತಿನ ಹಾಗಿದೆ, ನಿಜ. ಆದರೆ ಕಬ್ಬನ್ ಪಾರ್ಕ್‌ನಲ್ಲಿ ಮಳೆ ನಿಂತ ಮೇಲೆ ಓಡಿ ನೋಡಿ. ಉದುರಿದ ಹೂವು, ಎಲೆ ನೆಲಕ್ಕೆ ಅಂಟಿಕೊಂಡು ಲೋಳೆಯಾಗಿರುತ್ತವೆ. ತಿರುವಿನಲ್ಲಿ ಎಲ್ಲರೂ ಹೆಜ್ಜೆ ಚಿಕ್ಕದು ಮಾಡುತ್ತಾರೆ. ಈ ಶೂನಲ್ಲಿ ನನಗೆ ಅದರ ಅಗತ್ಯ ಬೀಳಲಿಲ್ಲ. ರಬ್ಬರನ್ನು ಉಗುರಿನಿಂದ ಒತ್ತಿದರೆ ಸ್ವಲ್ಪ ಒಳಗೆ ಹೋಗುತ್ತದೆ, ಬೆರಳಿನಿಂದ ಉಜ್ಜಿದರೆ ಚರ್ಮ ತಡೆದು ನಿಲ್ಲುತ್ತದೆ. ಅಂಗಡಿಯಲ್ಲಿ ಪೆಟ್ಟಿಗೆ ತೆಗೆದ ಕೂಡಲೇ ನೀವೂ ಹೀಗೆ ಮಾಡಿ ನೋಡಬಹುದು. ಗಟ್ಟಿಯಾಗಿ ನುಣುಪಾಗಿ ಜಾರುವ ರಬ್ಬರ್ ಆದರೆ ಮಳೆಗಾಲಕ್ಕೆ ಯೋಚನೆ ಮಾಡಬೇಕಾದ್ದೇ.

ಲಾಲ್‌ಬಾಗ್‌ನ ಬಂಡೆಯೂ ಒಳ್ಳೆಯ ಪರೀಕ್ಷೆ. ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಮಗೆ ಓಟಗಾರರಿಗೆ ಅದು ಏರು ಅಭ್ಯಾಸದ ಜಾಗ. ಒಣಗಿದ್ದಾಗ ಯಾವ ಶೂ ಆದರೂ ಹಿಡಿಯುತ್ತದೆ. ತುಂತುರು ಬಿದ್ದಾಗ ಇಳಿಯುವಾಗ ಗೊತ್ತಾಗುತ್ತದೆ ಬಂಡವಾಳ. ವೆಲಾಸಿಟಿಯಲ್ಲಿ ಇಳಿದೆ, ಕೈ ಚಾಚಿ ಬ್ಯಾಲೆನ್ಸ್ ಮಾಡಬೇಕಾಗಿ ಬರಲಿಲ್ಲ. ಪಾಚಿ ಕಟ್ಟಿದ ಫುಟ್‌ಪಾತ್ ಟೈಲ್ಸ್ ಮೇಲೆ ಮಾತ್ರ ಯಾವ ರಬ್ಬರೂ ಕೆಲಸ ಮಾಡುವುದಿಲ್ಲ. ಅಲ್ಲಿ ನಡೆಯಿರಿ.

ಈಗ ಫೋಮ್. ಹೆಸರಲ್ಲಿರುವ ನೈಟ್ರೋ ಅಂದರೆ ನೈಟ್ರೋಜನ್. ಒತ್ತಡದಲ್ಲಿ ಆ ಅನಿಲವನ್ನು ಫೋಮ್‌ನೊಳಗೆ ನುಗ್ಗಿಸಿ, ಒತ್ತಡ ಬಿಟ್ಟಾಗ ಸಣ್ಣ ಸಣ್ಣ ಗುಳ್ಳೆಗಳಾಗಿ ಉಬ್ಬುವ ಹಾಗೆ ಮಾಡುತ್ತಾರೆ. ಹಗುರವಾಗುತ್ತದೆ, ಒತ್ತಿದರೆ ಬೇಗ ಮೇಲೇಳುತ್ತದೆ. ಹಳೆಯ ಕಾಲದ ಓಟದ ಶೂಗಳಲ್ಲಿ ಇದ್ದದ್ದು ಇವಿಎ ಫೋಮ್. ಮನೆಯಲ್ಲಿ ಹಾಕುವ ಎಷ್ಟೋ ಚಪ್ಪಲಿಗಳೂ ಅದರದ್ದೇ. ಅದಕ್ಕೆ ಹೋಲಿಸಿದರೆ ಇದು ಚುರುಕು. ಆದರೆ ಈಗಿನ ಕೆಲವು ಶೂಗಳ ಹಾಗೆ ಹತ್ತಿಯ ಮೇಲೆ ನಿಂತ ಅನುಭವ ಬೇಕೆನ್ನುವವರಿಗೆ ಇದು ಗಟ್ಟಿ ಅನ್ನಿಸಬಹುದು. ನನಗೆ ಆ ಗಟ್ಟಿತನವೇ ಹಿಡಿಸಿತು. ಕಿತ್ತುಹೋದ ಫುಟ್‌ಪಾತ್‌ನಿಂದ ರಸ್ತೆಗೆ, ರಸ್ತೆಯಿಂದ ಮತ್ತೆ ಫುಟ್‌ಪಾತ್‌ಗೆ ಹತ್ತಿ ಇಳಿಯುವ ಊರಿನಲ್ಲಿ ಪಾದ ಅಲುಗಾಡದೆ ನಿಲ್ಲಬೇಕು. ತೀರಾ ಮೆತ್ತಗಿದ್ದರೆ ಹಿಮ್ಮಡಿ ಆ ಕಡೆ ಈ ಕಡೆ ವಾಲುತ್ತದೆ.

ನನ್ನ 9 ಸೈಜಿನ ಒಂದು ಕಾಲಿನ ಶೂ ಅಡುಗೆಮನೆ ತಕ್ಕಡಿಯಲ್ಲಿ 300 ಗ್ರಾಂಗಿಂತ ಸ್ವಲ್ಪ ಕಡಿಮೆ ತೂಗುತ್ತದೆ. ಮಳೆಯಲ್ಲಿ ನೆನೆದು ಬಂದಾಗ ತೂಗಿ ನೋಡಿದರೆ ತಕ್ಕಡಿ ಬೇರೆಯೇ ಲೆಕ್ಕ ಹೇಳುತ್ತದೆ. ಅದು ಎಲ್ಲ ಶೂಗಳ ಹಣೆಬರಹ. ಮನೆಯಲ್ಲಿ ಈ ತೂಗುವ ಕೆಲಸಕ್ಕೆ ಆಕ್ಷೇಪಣೆ ಬಂದು ಈಗ ನಿಂತಿದೆ.

ಒಣಗಿಸುವ ವಿಷಯ ಯಾವ ವಿಮರ್ಶೆಯಲ್ಲೂ ಯಾಕೆ ಬರುವುದಿಲ್ಲವೋ. ಮಳೆಗಾಲದಲ್ಲಿ ಅರ್ಧ ತಲೆನೋವು ಇದೇ. ಒಳಗಿನ ಅಟ್ಟೆ ಕಿತ್ತು ಬೇರೆ ಇಡಬೇಕು. ದಾರ ಸಡಿಲ ಮಾಡಿ ನಾಲಿಗೆ ಹೊರಗೆಳೆಯಬೇಕು. ಹಳೇ ಪೇಪರನ್ನು ಉಂಡೆ ಕಟ್ಟಿ ಬೆರಳಿನ ತುದಿಯವರೆಗೂ ತುರುಕಬೇಕು. ಎರಡು ಗಂಟೆ ಬಿಟ್ಟು ಆ ಪೇಪರ್ ಬದಲಿಸಬೇಕು. ಮೊದಲ ಉಂಡೆ ಹೊರಗೆ ಬಂದಾಗ ಹಿಂಡಿದರೆ ನೀರು ಬರುತ್ತದೆ. ಆಮೇಲೆ ಫ್ಯಾನ್ ಕೆಳಗೆ ಒಂದು ರಾತ್ರಿ. ಬಿಸಿಲಿಗೆ, ಫ್ರಿಜ್ ಹಿಂದೆ, ಗೀಸರ್ ಹತ್ತಿರ ಇಡಬೇಡಿ. ಬಿಸಿಗೆ ಅಂಟು ಬಿಡುತ್ತದೆ, ಫೋಮ್ ಕುಗ್ಗುತ್ತದೆ. ಇಷ್ಟು ಮಾಡಿದರೂ ಮರುದಿನ ಒಳಗೆ ತೇವ ಇರುತ್ತದೆ. ಅದಕ್ಕೇ ಎರಡು ಜೊತೆ ಬೇಕು ಅನ್ನುವುದು.

ಎರಡು ಜೊತೆಗೆ ಇನ್ನೊಂದು ಕಾರಣವೂ ಇದೆ. ಲಕ್ಸೆಂಬರ್ಗ್‌ನ ಸಂಶೋಧಕರು ಹವ್ಯಾಸಕ್ಕೆ ಓಡುವ 264 ಜನರನ್ನು 22 ವಾರ ಗಮನಿಸಿದ್ದರು. ಒಂದಕ್ಕಿಂತ ಹೆಚ್ಚು ಶೂಗಳನ್ನು ಬದಲಾಯಿಸಿ ಓಡಿದವರಿಗೆ ಗಾಯದ ಅಪಾಯ 39 ಶೇಕಡಾ ಕಡಿಮೆ ಕಂಡಿತು. ಶೂ ಬದಲಾದಾಗ ಪಾದಕ್ಕೆ ಬೀಳುವ ಹೊರೆಯ ಜಾಗವೂ ಸ್ವಲ್ಪ ಬದಲಾಗುತ್ತದೆ ಅನ್ನುವುದು ಅದಕ್ಕೆ ಕೊಡುವ ಒಂದು ವಿವರಣೆ. ಮನೆಯವರಿಗೆ ಈ ಅಂಕಿ ತೋರಿಸಿದರೆ ಎರಡನೇ ಜೊತೆಗೆ ಒಪ್ಪಿಗೆ ಸಿಗುತ್ತದೆ ಅಂದುಕೊಂಡಿದ್ದರೆ, ನನ್ನ ಅನುಭವದಲ್ಲಿ ಇಲ್ಲ.

ಇನ್ನು ಆ ಎರಡನೇ ಜೊತೆ. ಕಾರ್ಬನ್ ಪ್ಲೇಟ್ ಶೂಗಳ ಹುಚ್ಚು ಶುರುವಾಗಿದ್ದು 2017ರಲ್ಲಿ ನೈಕಿಯ ವೇಪರ್‌ಫ್ಲೈ ಬಂದ ಮೇಲೆ. ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಅದರ ಪ್ರೋಟೊಟೈಪ್ ಹಾಕಿದ ವೇಗದ ಓಟಗಾರರ ಶಕ್ತಿ ಖರ್ಚು ಸರಾಸರಿ 4 ಶೇಕಡಾ ಇಳಿದಿತ್ತು. 2019ರಲ್ಲಿ ಕೆನ್ಯಾದ ಓಟಗಾರ ಎಲಿಯುಡ್ ಕಿಪ್‌ಚೋಗೆ ವಿಯೆನ್ನಾದಲ್ಲಿ 1:59:40ಕ್ಕೆ ಮ್ಯಾರಥಾನ್ ದೂರ ಮುಗಿಸಿದಾಗ ಕಾಲಲ್ಲಿ ಇದ್ದದ್ದೂ ಇದೇ ಜಾತಿಯ ಶೂ. 2020ರಲ್ಲಿ ಅಥ್ಲೆಟಿಕ್ಸ್‌ನ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ ನಿಯಮ ತಂದಿತು: ರಸ್ತೆ ಓಟದ ಶೂ ತಳ 40 ಮಿಲಿಮೀಟರ್ ಮೀರಬಾರದು, ಒಳಗೆ ಒಂದೇ ಪ್ಲೇಟ್.

ಸರಿ, ಅವರದ್ದು ಅವರಿಗೆ. ನಾನು ಒಂದು ಕಿಲೋಮೀಟರಿಗೆ ಆರೂವರೆ ನಿಮಿಷ ತೆಗೆದುಕೊಳ್ಳುವವನು. ಈ ವೇಗದಲ್ಲಿ ಪ್ಲೇಟಿನ ಲಾಭ ಕಡಿಮೆ, ಒಬ್ಬರಿಂದ ಒಬ್ಬರಿಗೆ ಬೇರೆ ಬೇರೆ. ಅದು ಗೊತ್ತಿದ್ದೂ ಆಸೆ ಬಿಡಬೇಕಲ್ಲ! ಸಮತಟ್ಟಾದ ಒಣ ರಸ್ತೆಯಲ್ಲಿ ಅದು ನಿಜಕ್ಕೂ ಖುಷಿ ಕೊಡುತ್ತದೆ. ಹೆಜ್ಜೆ ತಾನಾಗಿ ಮುಂದೆ ಉರುಳುತ್ತದೆ, ಮರುದಿನ ಕಾಲು ನೋವು ಕಡಿಮೆ. ಆದರೆ ತಳ ನೋಡಿ. ತೂಕ ಉಳಿಸಲು ಮುಂಭಾಗದಲ್ಲಿ ತೆಳ್ಳನೆ ರಬ್ಬರ್ ಪಟ್ಟಿ, ಹಿಮ್ಮಡಿಯಲ್ಲಿ ಎರಡು ಚೂರು, ಮಿಕ್ಕಿದ್ದು ಬರೀ ಫೋಮ್. ಒದ್ದೆ ಝೀಬ್ರಾ ಪಟ್ಟೆಯ ಬಿಳಿ ಬಣ್ಣದ ಮೇಲೆ ಕಾಲಿಟ್ಟರೆ ಜಾರುತ್ತದೆ. ಜಲ್ಲಿ ಚೂರುಗಳು ಫೋಮ್‌ಗೆ ಚುಚ್ಚಿಕೊಂಡು ಕೂರುತ್ತವೆ. ಎತ್ತರ ಜಾಸ್ತಿ, ಅಗಲ ಕಡಿಮೆ. ಹಾಗಾಗಿ ಗುಂಡಿ ತಪ್ಪಿಸಲು ಪಕ್ಕಕ್ಕೆ ಹಾರಿದಾಗಲೆಲ್ಲ ಪಾದದ ಗಂಟು ಎಚ್ಚರಿಕೆ ಕೊಡುತ್ತದೆ.

ಕೆಲವೇ ವಾರಗಳಲ್ಲಿ ಹಿಮ್ಮಡಿಯ ರಬ್ಬರ್ ಚೂರು ಒಂದು ಕಡೆ ಬಿಟ್ಟುಕೊಂಡಿತು. ಮಾರಿದವರಿಗೆ ಫೋಟೋ ಕಳಿಸಿದರೆ ‘ಸಹಜ ಸವೆತ’ ಅಂತ ಒಂದೇ ಸಾಲಿನ ಉತ್ತರ ಬಂತು. ನಮ್ಮ ಬಸ್ ಸ್ಟಾಪ್ ಪಕ್ಕ ಚಪ್ಪಲಿ ರಿಪೇರಿ ಮಾಡುವ ಹಿರಿಯರೊಬ್ಬರು ಕೂರುತ್ತಾರೆ. ಅವರ ಹತ್ತಿರ ತೆಗೆದುಕೊಂಡು ಹೋದೆ. ಶೂ ತಿರುಗಿಸಿ, ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಅಂಚು ಸವರಿದರು.

“ಸಾರ್, ಹೊರಗಡೆ ಅಂಚು ಮಾತ್ರ ಸವೆದಿದೆ. ಬಲಗಾಲು ಜಾಸ್ತಿ. ನೀವು ಹೊರಗೆ ಒತ್ತಿ ಓಡ್ತೀರಿ ಅಲ್ವಾ?”

“ಹೌದು ಅನ್ಸತ್ತೆ, ಹೇಗೆ ಗೊತ್ತಾಯ್ತು?”

“ಚಪ್ಪಲಿ ಹೇಳತ್ತೆ ಬಿಡಿ. ಇದು ಇಷ್ಟೊಂದು ದುಡ್ಡಾ? ರಬ್ಬರೇ ಹಾಕಿಲ್ವಲ್ಲ ಇದಕ್ಕೆ!”

ಸಲ್ಯೂಷನ್ ಹಚ್ಚಿ, ಒಣಗಲು ಬಿಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಅಂಟಿಸಿ ಕೊಟ್ಟರು. ಐವತ್ತು ರೂಪಾಯಿ. ಅದು ಇವತ್ತಿಗೂ ಬಿಟ್ಟಿಲ್ಲ. ಅಂಗಡಿಗಳಲ್ಲಿ ಟ್ರೆಡ್‌ಮಿಲ್ ಮೇಲೆ ಓಡಿಸಿ ಕ್ಯಾಮೆರಾದಲ್ಲಿ ಪಾದ ನೋಡುತ್ತಾರೆ. ಅದನ್ನು ಬೇಡ ಅನ್ನುವುದಿಲ್ಲ. ಆದರೆ ಹೊಸ ಶೂ ಕೊಳ್ಳಲು ಹೋಗುವಾಗ ಹಳೇ ಶೂ ಕೈಚೀಲದಲ್ಲಿ ಹಾಕಿಕೊಂಡು ಹೋಗಿ, ತಳ ತೋರಿಸಿ. ಅರ್ಧ ಮಾತು ಉಳಿಯುತ್ತದೆ.

ಅದೇ ಹಿರಿಯರಿಗೆ ವೆಲಾಸಿಟಿಯ ತಳವನ್ನೂ ತೋರಿಸಿದ್ದೆ. ಆ ಹೊತ್ತಿಗೆ ಅದು 500 ಕಿಲೋಮೀಟರ್ ದಾಟಿತ್ತು. ಹೊರ ಅಂಚಿನಲ್ಲಿ ಗೆರೆಗಳು ಅಳಿಸಿ ನುಣುಪಾಗಿದ್ದವು, ಆದರೆ ರಬ್ಬರ್ ಇನ್ನೂ ದಪ್ಪಗಿತ್ತು. ‘ಇದು ಓಡತ್ತೆ’ ಅಂದರು. ಓಡಿತು. ಸಾಮಾನ್ಯವಾಗಿ ಶೂಗಳಿಗೆ 500ರಿಂದ 800 ಕಿಲೋಮೀಟರ್ ಆಯಸ್ಸು ಅನ್ನುತ್ತಾರೆ. ನಿಮ್ಮ ತೂಕ, ಓಡುವ ನೆಲ, ಹೆಜ್ಜೆಯ ರೀತಿ ಎಲ್ಲ ಸೇರಿ ಅದು ಹೆಚ್ಚು ಕಡಿಮೆ ಆಗುತ್ತದೆ. ಹಾಗಾಗಿ ನಾನು ಅಂಕಿ ನೋಡುವುದನ್ನು ಬಿಟ್ಟು ಮೊಣಕಾಲು ಕೇಳುತ್ತೇನೆ. ಹದಿನೈದು ಕಿಲೋಮೀಟರ್ ಆದ ಮೇಲೆ ಪಾದದ ಕೆಳಗೆ ರಸ್ತೆ ಗಟ್ಟಿಯಾಗಿ ಕೇಳಿಸತೊಡಗಿದರೆ ಫೋಮ್ ಸೋತಿದೆ ಅಂತ ಅರ್ಥ, ರಬ್ಬರ್ ಎಷ್ಟೇ ಉಳಿದಿರಲಿ. ನನ್ನ ವೆಲಾಸಿಟಿಯಲ್ಲಿ ಈಗೀಗ ಅದು ಶುರುವಾಗಿದೆ. ದೂರಲು ಏನೂ ಇಲ್ಲ, ದುಡಿಸಿಕೊಂಡಿದ್ದೇನೆ.

ಅಳತೆಯ ಬಗ್ಗೆ ಒಂದು ಮಾತು. ಸಂಜೆ ಹೊತ್ತು ಪಾದ ಸ್ವಲ್ಪ ಊದಿರುತ್ತದೆ, ಆಗಲೇ ಅಂಗಡಿಗೆ ಹೋಗಿ. ಹೆಬ್ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರಲಿ. ಮುಂಬೈನ ಸೆಕೆಯಲ್ಲಿ ಮೂವತ್ತು ಕಿಲೋಮೀಟರ್ ಆದ ಮೇಲೆ ಪಾದ ಇನ್ನೂ ಊದುತ್ತದೆ. ಉಗುರು ಕಪ್ಪಾಗುವುದು ಆವಾಗಲೇ. ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದ ನಮ್ಮಲ್ಲಿ ಬಹಳ ಜನರ ಪಾದ ಮುಂದೆ ಅಗಲ. ನನ್ನದೂ ಹಾಗೇ, ಅದಕ್ಕೆ ಅರ್ಧ ಸೈಜ್ ದೊಡ್ಡದು ತೆಗೆದುಕೊಂಡೆ. ಹಿಮ್ಮಡಿ ಸಡಿಲ ಆಗದಿರಲು ಮೇಲಿನ ಕೊನೆಯ ತೂತನ್ನು ಬಳಸಿ. ದಾರವನ್ನು ಅದೇ ಕಡೆಯ ತೂತಿಗೆ ಒಳಕ್ಕೆ ಹಾಕಿದರೆ ಸಣ್ಣ ಕುಣಿಕೆ ಆಗುತ್ತದೆ. ಎದುರು ದಾರವನ್ನು ಅದರೊಳಗೆ ತೂರಿಸಿ ಎಳೆದು ಗಂಟು ಹಾಕಿ. ಆ ತೂತು ಅಲಂಕಾರಕ್ಕೆ ಇರುವುದಲ್ಲ. ಹತ್ತಿ ಕಾಲುಚೀಲ ಮಾತ್ರ ಬೇಡವೇ ಬೇಡ, ಬೆವರು ಹೀರಿ ಬೊಬ್ಬೆ ಎಬ್ಬಿಸುತ್ತದೆ.

ಮುಂಬೈಗೆ ಯಾವುದು ಹಾಕಬೇಕು ಅನ್ನುವ ಚರ್ಚೆ ಓಟದ ಗೆಳೆಯರಲ್ಲಿ ಕೊನೆಯ ವಾರದವರೆಗೂ ನಡೆಯಿತು. ಜನವರಿಯಲ್ಲಿ ಅಲ್ಲಿ ಮಳೆ ಇಲ್ಲ, ರಸ್ತೆ ಚೆನ್ನಾಗಿರುತ್ತದೆ, ಕಾರ್ಬನ್ನೇ ಸರಿ ಅಂತ ಎಲ್ಲರ ವಾದ. ನಾನು ನೋಡಿದ್ದು ನೀರಿನ ಸ್ಟೇಷನ್‌ಗಳನ್ನು. ಸಾವಿರಾರು ಜನ ಕುಡಿದು, ತಲೆ ಮೇಲೆ ಸುರಿದುಕೊಂಡು, ಚೆಲ್ಲಿ ಹೋದ ಮೇಲೆ ಅಲ್ಲಿನ ಟಾರು ನಮ್ಮ ಸೆಪ್ಟೆಂಬರ್ ರಸ್ತೆಗಿಂತ ಬೇರೆ ಇರುವುದಿಲ್ಲ. ಜೊತೆಗೆ ಕೊನೆಯ ಹತ್ತು ಕಿಲೋಮೀಟರಿನೊಳಗೆ ಪೆಡ್ಡರ್ ರೋಡಿನ ಏರು. ಅಷ್ಟು ಹೊತ್ತಿಗೆ ನನ್ನ ಹೆಜ್ಜೆ ಎಳೆದಾಡುತ್ತಿರುತ್ತದೆ, ಪ್ಲೇಟಿಗೆ ಬೇಕಾದ ಚುರುಕು ಅದರಲ್ಲಿ ಇರುವುದಿಲ್ಲ. ವೆಲಾಸಿಟಿಯನ್ನೇ ಹಾಕಿದೆ. ಏರು ನಡೆದೇ ಹತ್ತಿದೆ, ಅದಕ್ಕೆ ಶೂ ಹೊಣೆಯಲ್ಲ. ಒಂದೂ ಬೊಬ್ಬೆ ಬರಲಿಲ್ಲ, ಹತ್ತು ಉಗುರೂ ಜಾಗದಲ್ಲಿವೆ.

ಯಾರಿಗೆ ಬೇಡ ಅಂತಲೂ ಹೇಳಿಬಿಡುತ್ತೇನೆ. ಹತ್ತು ಕಿಲೋಮೀಟರನ್ನು ನಲವತ್ತೈದು ನಿಮಿಷದೊಳಗೆ ಓಡುವವರು ರೇಸ್ ದಿನ ಇನ್ನೂ ಹಗುರದ್ದು ಹುಡುಕುತ್ತಾರೆ. ತುರಹಳ್ಳಿ ಕಾಡಿನ ಮಣ್ಣಿನ ದಾರಿಗೆ ಇದರ ತಳದ ಗೆರೆಗಳು ಆಳವಿಲ್ಲ, ಅಲ್ಲಿಗೆ ಟ್ರೇಲ್ ಶೂ ಬೇಕು. ಮಿಕ್ಕವರಿಗೆ, ಅದರಲ್ಲೂ ಮೊದಲ ಹಾಫ್ ಅಥವಾ ಫುಲ್ ಮ್ಯಾರಥಾನ್‌ಗೆ ಮಳೆಗಾಲದಲ್ಲಿ ತಯಾರಿ ಮಾಡುವವರಿಗೆ, ತೆಗೆದುಕೊಳ್ಳಿ ಅಂತ ಧೈರ್ಯವಾಗಿ ಹೇಳಬಲ್ಲೆ.

ಈಗ ಇದರ 4ನೇ ಮಾಡೆಲ್ ಬಂದಿದೆ. ಹೊಸದು ಬಂದಾಗ ಹಳೆಯದರ ಬೆಲೆ ಇಳಿಯುವುದು ಎಲ್ಲ ಕಂಪನಿಗಳಲ್ಲೂ ಇದ್ದದ್ದೇ. ಸೈಜ್ ಸಿಕ್ಕರೆ 3 ಅನ್ನೇ ಇನ್ನೊಂದು ಜೊತೆ ತೆಗೆದುಕೊಳ್ಳುವ ಯೋಚನೆ ಇದೆ. ಹೊಸ ಪೆಟ್ಟಿಗೆ ಆದರೂ ಗೋದಾಮಿನಲ್ಲಿ ಎಷ್ಟು ಕಾಲ ಇತ್ತು ಅಂತ ನಾಲಿಗೆಯ ಒಳಗಿನ ಲೇಬಲ್‌ನಲ್ಲಿ ತಯಾರಾದ ದಿನಾಂಕ ನೋಡಿಕೊಳ್ಳಿ. ತೀರಾ ಹಳೆಯದಾದರೆ ಅಂಟು ಒಣಗಿರಬಹುದು. ಏಪ್ರಿಲ್ ಕೊನೆಗೆ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟ ವರ್ಲ್ಡ್ 10ಕೆ ಇದೆ, ಅಷ್ಟರೊಳಗೆ ಐವತ್ತು ಕಿಲೋಮೀಟರಾದರೂ ಹಾಕಿ ಪಳಗಿಸಬೇಕು.